ಅಂಧ ಓದುಗರಿಗೆ ಕನ್ನಡ ಪುಸ್ತಕ: ಕಡಿಮೆ ಖರ್ಚಿನಲ್ಲಿ ಸ್ಕ್ಯಾನ್‌ನಿಂದ ಹಂಚಿಕೆವರೆಗೆ

"ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಕಳಿಸಿದ್ವಿ. ಅವರ ಕಂಪ್ಯೂಟರ್ ಮಾತ್ರ ಒಂದಕ್ಷರಾನೂ ಓದ್ತಿಲ್ಲ." ಬೆಂಗಳೂರಿನಲ್ಲಿ ಅಂಧ ವಿದ್ಯಾರ್ಥಿಗಳಿಗೆ ನೆರವಾಗಲು ಹೊರಟವರಿಂದ ಈ ಮಾತು ಪದೇ ಪದೇ ಕೇಳಿಬರುತ್ತದೆ. ಸ್ಕ್ಯಾನ್ ಮಾಡಿದಾಗ ಸಿಗುವುದು ಪುಟದ ಫೋಟೋ. ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಬೇಕಿರುವುದು ಯುನಿಕೋಡ್ ಅಕ್ಷರ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ. ಇವೆರಡರ ನಡುವೆ ಸಾಕಷ್ಟು ಕೆಲಸ ಇದೆ, ದುಡ್ಡು ಖರ್ಚಾಗುವುದೂ ಅಲ್ಲೇ.

## ಮೊದಲು ಲೆಕ್ಕ

ಎಲ್ಲರೂ ಮೊದಲು ಕೇಳುವುದು "ಯಾವ ಸ್ಕ್ಯಾನರ್ ತಗೋಬೇಕು?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. 240 ಪುಟದ ಒಂದು ಪುಸ್ತಕ ಅಂದುಕೊಳ್ಳಿ. ಒಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವುದು) ಮಾಡಿದ ಮೇಲೆ ತಪ್ಪು ತಿದ್ದಲು ಪುಟಕ್ಕೆ 6 ನಿಮಿಷ ಹಿಡಿದರೆ ಒಟ್ಟು 24 ಗಂಟೆ. ಫೋಟೋ ಮಸುಕಾಗಿ ಅದೇ ಕೆಲಸಕ್ಕೆ ಪುಟಕ್ಕೆ 15 ನಿಮಿಷ ಹಿಡಿದರೆ 60 ಗಂಟೆ. ತಿದ್ದುವವರಿಗೆ ಗಂಟೆಗೆ ಎಷ್ಟು ಕೊಡುತ್ತೀರೋ ಅದರಿಂದ ಗುಣಿಸಿ ನೋಡಿ. ಬಿಟ್ಟಿ ಕೆಲಸ ಮಾಡುವ ಸ್ವಯಂಸೇವಕರೇ ಆದರೂ, ಆ ಹೆಚ್ಚುವರಿ 36 ಗಂಟೆಯಲ್ಲಿ ಇನ್ನೊಂದು ಪುಸ್ತಕ ಮುಗಿದು ಮೂರನೆಯದು ಶುರುವಾಗಿರುತ್ತಿತ್ತು.

ಅದಕ್ಕೇ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ತಿದ್ದುವ ಸಮಯ ಕಡಿಮೆಯಾಗುತ್ತದಾ? ಹೌದು ಅಂದರೆ ಅಲ್ಲಿ ಖರ್ಚು ಮಾಡಿ. ಇಲ್ಲ ಅಂದರೆ ಬೇಡ.

## ಬೇಕಾಗುವ ಸಾಮಾನು

ಒಳ್ಳೆ ಕ್ಯಾಮೆರಾದ ಫೋನ್, ಅದನ್ನು ಅಲುಗದಂತೆ ಹಿಡಿಯುವ ಸ್ಟ್ಯಾಂಡ್, ಪುಟ ಒತ್ತಿಹಿಡಿಯಲು ಅಂಚು ಉಜ್ಜಿಸಿದ ಗಾಜಿನ ತುಂಡು, ಒಂದು ಕಪ್ಪು ಕಾಗದ. ಸ್ಟ್ಯಾಂಡು, ದೀಪ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಗಾಜನ್ನು ಹತ್ತಿರದ ಗ್ಲಾಸ್ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ.

ಸಾಫ್ಟ್‌ವೇರ್‌ಗೆ ರೂಪಾಯಿ ಖರ್ಚಿಲ್ಲ. ಪುಟ ಒಪ್ಪ ಮಾಡಲು ಸ್ಕ್ಯಾನ್‌ಟೈಲರ್, ಒಸಿಆರ್‌ಗೆ ಗೂಗಲ್ ಡ್ರೈವ್ ಅಥವಾ ಟೆಸೆರಾಕ್ಟ್, ತಿದ್ದಲು ಲಿಬ್ರೆ ಆಫೀಸ್, ಕೇಳಿ ಪರೀಕ್ಷಿಸಲು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಎಲ್ಲವೂ ಉಚಿತ.

## ಹಂತ 1: ಬೇರೆ ಯಾರಾದರೂ ಮಾಡಿದ್ದಾರಾ ನೋಡಿ

ಒಂದೇ ಪುಸ್ತಕವನ್ನು ಇಬ್ಬರು ಬೇರೆ ಬೇರೆ ಮೂಲೆಯಲ್ಲಿ ಕೂತು ಟೈಪ್ ಮಾಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮೊದಲು ಹುಡುಕಿ. ದೇಶದ ಬೇರೆ ಬೇರೆ ಸಂಸ್ಥೆಗಳು ತಯಾರಿಸಿದ ಪ್ರತಿಗಳು ಅಲ್ಲಿ ಒಂದೇ ಕಡೆ ಇವೆ. ಆಮೇಲೆ ಬುಕ್‌ಶೇರ್ ಎಂಬ ಇಂಥದ್ದೇ ಇನ್ನೊಂದು ಆನ್‌ಲೈನ್ ಗ್ರಂಥಾಲಯ. ಎಚ್‌ಎಸ್‌ಆರ್ ಲೇಔಟ್‌ನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ಮಾತಾಡುವ ಪುಸ್ತಕಗಳ ಗ್ರಂಥಾಲಯ ಇದೆ, ಅಲ್ಲಿಯೂ ವಿಚಾರಿಸಿ. ಓದುಗರಿಗೆ ಕಥೆ ಕೇಳಿದರೆ ಸಾಕು ಅನ್ನಿಸಿದರೆ ಆಡಿಯೊ ಸಿಕ್ಕಿದ ಕೂಡಲೇ ನಿಮ್ಮ ಕೆಲಸ ಮುಗಿಯಿತು.

ಹಳೆಯ ಪುಸ್ತಕವಾದರೆ ಇಂಟರ್ನೆಟ್ ಆರ್ಕೈವ್ ನೋಡಿ. ಕನ್ನಡದ ಹಳೆಯ ಪುಸ್ತಕಗಳ ಪುಟ ಚಿತ್ರಗಳು ಅಲ್ಲಿ ದಂಡಿಯಾಗಿ ಇವೆ. ಚಿತ್ರ ಸಿಕ್ಕರೆ ಫೋಟೋ ತೆಗೆಯುವ ಹಂತ ಬಿಟ್ಟು ನೇರ ಹಂತ 4ಕ್ಕೆ ಹೋಗಬಹುದು. ಹುಡುಕುವಾಗ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹಾಕಿ. ಇಂಗ್ಲಿಷ್ ಲಿಪಿಯಲ್ಲಿ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ, ಆದ್ದರಿಂದ ಲೇಖಕರ ಹೆಸರಿನಿಂದಲೂ ಹುಡುಕಿ.

## ಹಂತ 2: ಪ್ರಕಾಶಕರನ್ನು ಒಂದು ಮಾತು ಕೇಳಿ

ಇದನ್ನು ಬಹುತೇಕ ಜನ ಮಾಡುವುದೇ ಇಲ್ಲ. ಕೇಳಲು ಸಂಕೋಚ. ಆದರೆ ಈಚಿನ ವರ್ಷಗಳಲ್ಲಿ ಅಚ್ಚಾದ ಪುಸ್ತಕ ಅಂದಮೇಲೆ ಅದರ ಫೈಲ್ ಯಾರದೋ ಕಂಪ್ಯೂಟರ್‌ನಲ್ಲಿ ಇದ್ದೇ ಇರುತ್ತದೆ. ಪ್ರಕಾಶಕರ ಹತ್ತಿರ ಇಲ್ಲದಿದ್ದರೆ ಡಿಟಿಪಿ ಮಾಡಿದವರ ಹತ್ತಿರ ಇರಬಹುದು. ಅವರ ಹೆಸರು ಪುಸ್ತಕದ ಒಳಪುಟದಲ್ಲೇ, ಮುದ್ರಕರ ಹೆಸರಿನ ಆಸುಪಾಸಿನಲ್ಲಿ ಅಚ್ಚಾಗಿರುತ್ತದೆ.

ಕೇಳುವಾಗ "ಪಿಡಿಎಫ್ ಕೊಡಿ" ಅನ್ನಬೇಡಿ. "ಪೇಜ್‌ಮೇಕರ್ ಅಥವಾ ಇನ್‌ಡಿಸೈನ್ ಫೈಲಿನಿಂದ ಬರೀ ಪಠ್ಯ ತೆಗೆದು ಕೊಡ್ತೀರಾ, ಯಾವ ಫಾಂಟ್ ಬಳಸಿದ್ದೀರಿ ಹೇಳ್ತೀರಾ" ಅಂತ ಕೇಳಿ. ಬಂದ ಪಠ್ಯ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಹೆದರಬೇಡಿ. ಅದು ನುಡಿ, ಬರಹ ಅಥವಾ ಶ್ರೀಲಿಪಿಯಂಥ ತಂತ್ರಾಂಶದ ಹಳೆಯ ಫಾಂಟಿನ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ನುಡಿಗೆ ಇರುವ ಪರಿವರ್ತಕ ಶ್ರೀಲಿಪಿಗೆ ಆಗುವುದಿಲ್ಲ, ಫಾಂಟಿನ ಹೆಸರು ಕೇಳಿಟ್ಟುಕೊಳ್ಳಬೇಕಾದ್ದು ಇದಕ್ಕೇ. ಹೀಗೆ ಬದಲಿಸಿದ ಪಠ್ಯದಲ್ಲಿ ಬರುವ ತಪ್ಪು ಒಸಿಆರ್‌ಗಿಂತ ಎಷ್ಟೋ ಕಡಿಮೆ. ಒಂದು ಫೋನ್ ಕಾಲ್‌ನಿಂದ ವಾರದ ಕೆಲಸ ಉಳಿಯುತ್ತದೆ.

ಎಚ್ಚರಿಕೆ: ಪಿಡಿಎಫ್‌ನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತಿದೆ ಅಂದ ಮಾತ್ರಕ್ಕೆ ಅದು ಯುನಿಕೋಡ್ ಆಗಿರಬೇಕಿಲ್ಲ. ಎರಡು ಸಾಲು ಆರಿಸಿ, ನಕಲು ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿ. ಏನೂ ಆರಿಸಲು ಆಗದಿದ್ದರೆ ಅದು ಫೋಟೋ. ವಿಚಿತ್ರ ಚಿಹ್ನೆ ಬಂದರೆ ಆಸ್ಕಿ. ಕನ್ನಡವೇ ಬಂದರೂ ಒತ್ತಕ್ಷರ ಚೆದುರಿಲ್ಲ ತಾನೆ ನೋಡಿ. ಅರ್ಧ ನಿಮಿಷದ ಪರೀಕ್ಷೆ ಇದು.

## ಹಂತ 3: ಪುಟದ ಚಿತ್ರ

ಎರಡು ದಾರಿಗಳಿವೆ.

ಪುಸ್ತಕ ನಿಮ್ಮದೇ ಆಗಿದ್ದು, ಅಂಗಡಿಯಲ್ಲಿ ಇನ್ನೂ ಸಿಗುತ್ತಿದ್ದರೆ, ಬೆನ್ನು ಕತ್ತರಿಸಿಬಿಡಿ. ಅವೆನ್ಯೂ ರೋಡ್, ಸುಲ್ತಾನ್‌ಪೇಟೆ ಕಡೆಯ ಬೈಂಡಿಂಗ್ ಅಂಗಡಿಗಳ ಕಟಿಂಗ್ ಮಷೀನಿನಲ್ಲಿ ಇದು ಒಂದೇ ಏಟಿನ ಕೆಲಸ. ಬಿಡಿ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ದೊಡ್ಡ ಜೆರಾಕ್ಸ್ ಮಷೀನ್ ಇರುವ ಅಂಗಡಿಗೆ ಕೊಟ್ಟು, "ಎರಡೂ ಬದಿ, 300 ಡಿಪಿಐ, ಗ್ರೇ, ಪೆನ್‌ಡ್ರೈವ್‌ಗೆ" ಅಂತ ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಕಪ್ಪು-ಬಿಳುಪಿನಲ್ಲಿ ಮಾಡಿಬಿಡುತ್ತಾರೆ. ಆಮೇಲೆ ಹಾಳೆಗಳಿಗೆ ಸ್ಪೈರಲ್ ಹಾಕಿಸಿದರೆ ಪುಸ್ತಕ ಮತ್ತೆ ಓದಲು ಬರುತ್ತದೆ.

ಎರವಲು ತಂದ ಪುಸ್ತಕ, ಹಳೆಯ ಪುಸ್ತಕ ಆದರೆ ಫೋನೇ ಸರಿ. ಸ್ಟ್ಯಾಂಡಿಗೆ ಫೋನ್ ಕಟ್ಟಿ, ಬಲಗಡೆಯ ಪುಟಗಳನ್ನಷ್ಟೇ ಕೊನೆಯವರೆಗೆ ತೆಗೆಯಿರಿ. ಆಮೇಲೆ ಎಡಗಡೆಯವು. ಒಂದು ಬಲ, ಒಂದು ಎಡ ಅಂತ ತೆಗೆಯುತ್ತಾ ಹೋದರೆ ಪ್ರತಿ ಸಲ ಪುಸ್ತಕ ಸರಿಸಬೇಕು, ಅಳತೆ ತಪ್ಪುತ್ತದೆ. ಬೆಳಕು ಎರಡೂ ಬದಿಯಿಂದ ಓರೆಯಾಗಿ ಬೀಳಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಅದರ ಬಿಂಬ ಗಾಜಿನಲ್ಲಿ ಬಂದು ಮೂರು ಸಾಲು ನುಂಗುತ್ತದೆ. ತೆಳು ಕಾಗದದ ಹಿಂದಿನ ಅಚ್ಚು ಮೂಡಿ ಕಾಣುತ್ತಿದ್ದರೆ ಪುಟದ ಅಡಿ ಕಪ್ಪು ಕಾಗದ ಇಡಿ.

ಇಲ್ಲಿ ಎಲ್ಲರೂ ಮಾಡುವ ಎರಡು ತಪ್ಪು ಹೇಳಿಬಿಡುತ್ತೇನೆ. ಮೊದಲನೆಯದು, ಸ್ಕ್ಯಾನರ್ ಆ್ಯಪ್‌ನ "ಮ್ಯಾಜಿಕ್" ಫಿಲ್ಟರ್. ಕಣ್ಣಿಗೆ ಪುಟ ಬೆಳ್ಳಗೆ ಹೊಳೆಯುತ್ತದೆ, ಆದರೆ ಸಾಲಿನ ಕೆಳಗಿನ ಸಣ್ಣ ಒತ್ತುಗಳನ್ನು ಅದು ಸವರಿ ಹಾಕುತ್ತದೆ. ಇಂಗ್ಲಿಷ್ ಪುಸ್ತಕಕ್ಕೆ ನಡೆಯುವುದು ಕನ್ನಡಕ್ಕೆ ನಡೆಯುವುದಿಲ್ಲ. ಎರಡನೆಯದು, ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸುವುದು. ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪುಸ್ತಕ ವಾಪಸ್ ಕೊಡುವ ಮೊದಲು ಚಿತ್ರಗಳನ್ನು ಎಣಿಸಿ. ಪುಟಕ್ಕೂ ಚಿತ್ರಕ್ಕೂ ಲೆಕ್ಕ ಕೂಡಬೇಕು. ಎರಡು ಹಾಳೆ ಒಟ್ಟಿಗೆ ಮಗುಚಿದ್ದು ಪುಸ್ತಕ ಗ್ರಂಥಾಲಯಕ್ಕೆ ಹೋದ ಮೇಲೆ ಗೊತ್ತಾದರೆ ಕಬ್ಬನ್ ಪಾರ್ಕ್‌ವರೆಗೆ ಇನ್ನೊಂದು ಓಡಾಟ.

## ಹಂತ 4: ಪುಟ ಒಪ್ಪ ಮಾಡುವುದು

ಸ್ಕ್ಯಾನ್‌ಟೈಲರ್‌ನಲ್ಲಿ ಚಿತ್ರಗಳನ್ನು ಹಾಕಿ, ಓರೆ ಸರಿಮಾಡಿ, ಅಂಚು ಕತ್ತರಿಸಿ. ಔಟ್‌ಪುಟ್ ಕಪ್ಪು-ಬಿಳುಪು ಆಗದಂತೆ ಬಣ್ಣ ಅಥವಾ ಗ್ರೇ ಆರಿಸಿಕೊಳ್ಳಿ. ಪುಟದ ತಲೆಯಲ್ಲಿ ಪ್ರತಿ ಸಲ ಬರುವ ಪುಸ್ತಕದ ಹೆಸರು, ಅಧ್ಯಾಯದ ಹೆಸರು ಇರುತ್ತದಲ್ಲ, ಅದನ್ನು ಚೌಕಟ್ಟಿನಿಂದ ಹೊರಗೆ ಬಿಡಿ. ಬಿಡದಿದ್ದರೆ ಓದುವಾಗ ವಾಕ್ಯದ ನಡುವೆ ಪುಸ್ತಕದ ಹೆಸರು ನುಗ್ಗುತ್ತದೆ, ಅದೂ ನೂರಾರು ಸಲ. ಪುಟಸಂಖ್ಯೆ ಬೇಕಾದರೆ ಕಡತದ ಹೆಸರಿನಲ್ಲೇ ಇರಲಿ: 001, 002 ಹೀಗೆ.

## ಹಂತ 5: ಒಸಿಆರ್

ಸುಲಭದ ದಾರಿ ಗೂಗಲ್ ಡ್ರೈವ್. ಚಿತ್ರ ಅಥವಾ ಪಿಡಿಎಫ್ ಏರಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬರುತ್ತದೆ. ಕನ್ನಡವನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ಫೈಲ್ 2 ಎಂಬಿ ಒಳಗಿದ್ದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. ಇಡೀ ಪುಸ್ತಕ ಒಂದೇ ಪಿಡಿಎಫ್ ಮಾಡಿ ಹಾಕಿ, "ಅರ್ಧ ಪುಸ್ತಕ ಬಂದೇ ಇಲ್ಲ" ಅನ್ನುವವರು ಇಲ್ಲೇ ಎಡವುವುದು. ಕೆಲವೇ ಪುಟಗಳ ತುಂಡು ಮಾಡಿ ಹಾಕಿ.

ಇಂಟರ್ನೆಟ್ ಸರಿಯಿಲ್ಲ, ಪುಸ್ತಕ ಜಾಸ್ತಿ ಇವೆ ಅಂದರೆ ಟೆಸೆರಾಕ್ಟ್. ಬರೀ ಕಮಾಂಡ್ ಕಷ್ಟ ಅನ್ನುವವರಿಗೆ ಜಿ-ಇಮೇಜ್‌ರೀಡರ್ ಎಂಬ ಕಿಟಕಿ ಇದೆ. ಕನ್ನಡ ಭಾಷೆಯ ಕಡತವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು, ಅದನ್ನು ಮರೆತರೆ ಬರುವುದು ಬರೀ ಕಸ. ಪುಸ್ತಕದಲ್ಲಿ ಇಂಗ್ಲಿಷ್ ಪದ ತುಂಬಾ ಇದ್ದರೆ ಮಾತ್ರ ಇಂಗ್ಲಿಷನ್ನೂ ಸೇರಿಸಿ. ಕನ್ನಡಕ್ಕೆಂದೇ ಮಾಡಿದ ಲಿಪಿ ಜ್ಞಾನಿ ಎಂಬ ಒಸಿಆರ್ ನಮ್ಮ ಐಐಎಸ್‌ಸಿಯ ಮೈಲ್ ಲ್ಯಾಬ್‌ನಲ್ಲಿ ಹುಟ್ಟಿದ್ದು. ಸಂಸ್ಥೆಯ ಮಟ್ಟದಲ್ಲಿ ಕೆಲಸ ಮಾಡುವವರು ಆ ಕಡೆಯೂ ವಿಚಾರಿಸಬಹುದು.

ಇಡೀ ಪುಸ್ತಕ ಓಡಿಸುವ ಮೊದಲು ನಡುವಿನಿಂದ ಮೂರ್ನಾಲ್ಕು ಪುಟ ಹಾಕಿ ನೋಡಿ. ಸಾಲಿಗೆ ಎರಡು-ಮೂರು ತಪ್ಪು ಬರುತ್ತಿದ್ದರೆ ತಿದ್ದಲು ಕೂರಬೇಡಿ. ಹಂತ 3ಕ್ಕೆ ವಾಪಸ್ ಹೋಗಿ ಬೆಳಕು ಸರಿಮಾಡಿ. ಎರಡು ಕಾಲಂ ಇರುವ ಪುಟದಲ್ಲಿ ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲು ಅಂಟಿಕೊಂಡಿದ್ದರೆ ಕಾಲಂಗಳನ್ನು ಬೇರೆ ಬೇರೆ ಚಿತ್ರವಾಗಿ ಕತ್ತರಿಸಿ ಹಾಕಿ.

## ಹಂತ 6: ತಿದ್ದುವುದು

ಖರ್ಚಿನ ಬಹುಪಾಲು ಇಲ್ಲೇ. ಯಾವ ಪುಸ್ತಕಕ್ಕೆ ಎಷ್ಟು ತಿದ್ದಬೇಕು ಅಂತ ಮೊದಲೇ ತೀರ್ಮಾನಿಸಿ. ಕಾದಂಬರಿಯಲ್ಲಿ ಪುಟಕ್ಕೊಂದು ಸಣ್ಣ ತಪ್ಪು ಉಳಿದರೂ ಓದುಗರು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ವಿಜಯನಗರದ ಕೋಚಿಂಗ್ ಸೆಂಟರಿಗೆ ಹೋಗುವ ಹುಡುಗನ ಕೆಎಎಸ್ ಪುಸ್ತಕದಲ್ಲಿ ಇಸವಿಯೊಂದು ತಪ್ಪಿದರೆ ಅವನ ಉತ್ತರವೇ ತಪ್ಪು. ಅಂಥ ಪುಸ್ತಕದಲ್ಲಿ ಅಂಕಿ, ಹೆಸರು, ಕೋಷ್ಟಕವನ್ನು ಪುಟದ ಚಿತ್ರದ ಪಕ್ಕ ಇಟ್ಟು ಒಂದೊಂದಾಗಿ ನೋಡಲೇಬೇಕು. ಕಾದಂಬರಿಗೂ ಅಷ್ಟೇ ಶ್ರಮ ಹಾಕುವುದು ನನ್ನ ಪ್ರಕಾರ ದುಂದು.

ಕಣ್ಣಿಗೆ ಕಾಣದ, ಕಿವಿಗೆ ಮಾತ್ರ ಬಡಿಯುವ ತಪ್ಪುಗಳನ್ನು ಮೊದಲು ಹಿಡಿಯಿರಿ. "ಬೆ೦ಗಳೂರು" ಮತ್ತು "ಬೆಂಗಳೂರು" ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ. ನಮ್ಮ ಕಣ್ಣು ಸಲೀಸಾಗಿ ಓದುತ್ತದೆ, ಸ್ಕ್ರೀನ್ ರೀಡರ್ ಮಾತ್ರ ಪದದ ನಡುವೆ "ಸೊನ್ನೆ" ಅನ್ನುತ್ತದೆ. ಹಾಗೆಯೇ ಅರ್ಕಾವತ್ತು. "ಕರ್ನಾಟಕ" ಅನ್ನುವುದು "ಕನಾ೯ಟಕ" ಆಗಿರುತ್ತದೆ. ಅದು ಕಿವಿಗೆ "ಕನಾ ಒಂಬತ್ತು ಟಕ". ವಿಸರ್ಗದ ಜಾಗದಲ್ಲಿ ವಿವರಣೆ ಚಿಹ್ನೆ (:) ಕೂತು "ದುಃಖ" ಎರಡು ತುಂಡಾಗಿರುತ್ತದೆ.

ಲಿಬ್ರೆ ಆಫೀಸಿನ ಹುಡುಕು-ಬದಲಿಸು ಕಿಟಕಿಯಲ್ಲಿ ೦ ಹಾಕಿ ಒಂದೊಂದೇ ನೋಡುತ್ತಾ ಬದಲಿಸಿ, ಆಮೇಲೆ ೯. "ಎಲ್ಲವನ್ನೂ ಬದಲಿಸು" ಗುಂಡಿ ಒತ್ತಬೇಡಿ. ೧೯೫೦ರಲ್ಲಿರುವ ೯ ಮತ್ತು ೦ ಕೂಡ ಅದರ ಜೊತೆ ಹೋಗುತ್ತವೆ. ಪೂರ್ತಿ ಪದವೇ ಗೊತ್ತಿದ್ದರೆ, ಉದಾಹರಣೆಗೆ "ಕನಾ೯ಟಕ", ಆಗ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿದರೂ ಅಪಾಯ ಇಲ್ಲ. ಪುಸ್ತಕದಲ್ಲಿ ಪದೇ ಪದೇ ಬರುವ ಇಂಥ ಪದಗಳ ಪಟ್ಟಿ ಮಾಡಿಕೊಳ್ಳಿ. ಅದೇ ಪಟ್ಟಿ ಮುಂದಿನ ಪುಸ್ತಕಕ್ಕೂ ಆಗುತ್ತದೆ.

ಆಮೇಲೆ ಒಂದೇ ಥರ ಕಾಣುವ ಅಕ್ಷರಗಳು: ಪ ಮತ್ತು ವ, ಘ ಮತ್ತು ಫ, ದ ಮತ್ತು ಧ, ಬ ಮತ್ತು ಭ. ಇವು ಹೊಸ ಪದವನ್ನೇ ಹುಟ್ಟಿಸಿಬಿಡುತ್ತವೆ, ಕಾಗುಣಿತ ಪರೀಕ್ಷಕಕ್ಕೂ ಸಿಗುವುದಿಲ್ಲ. "ಧನ" ಹೋಗಿ "ದನ" ಬಂದರೆ ಎರಡೂ ಸರಿಯಾದ ಪದವೇ, ಅಲ್ವಾ? ಇದಕ್ಕೆ ಓದಿಯೇ ತಿದ್ದಬೇಕು, ಅಡ್ಡದಾರಿ ಇಲ್ಲ.

ಇನ್ನೊಂದು ಕಿರಿಕಿರಿ ಸಾಲು ಮುರಿಯುವುದು. ಕನ್ನಡ ಪುಸ್ತಕಗಳಲ್ಲಿ ಸಾಲಿನ ಕೊನೆಗೆ ಪದವನ್ನು ಅಡ್ಡಗೆರೆ ಹಾಕದೆಯೇ ಮುರಿಯುವುದುಂಟು. "ಹೋಗು" ಒಂದು ಸಾಲಿನಲ್ಲಿ, "ತ್ತಾರೆ" ಮುಂದಿನ ಸಾಲಿನಲ್ಲಿ. ಸಾಲುಗಳನ್ನು ಸೇರಿಸುವಾಗ ನಡುವೆ ಜಾಗ ಬಿಟ್ಟರೆ ಓದುವ ಧ್ವನಿ ಅಲ್ಲಿ ಮುಗ್ಗರಿಸುತ್ತದೆ. ಪ್ಯಾರಾ ಮುಗಿಯುವ ಕಡೆ ಬಿಟ್ಟು ಬೇರೆಲ್ಲೂ ಎಂಟರ್ ಉಳಿಯದಂತೆ ನೋಡಿಕೊಳ್ಳಿ.

ಹಲವರು ಸೇರಿ ತಿದ್ದುವುದಾದರೆ ಅರ್ಧ ಪುಟದ ನಿಯಮ ಬರೆದು ಎಲ್ಲರಿಗೂ ಕೊಡಿ: ಅಂಕಿ ಕನ್ನಡದ್ದೋ ಇಂಗ್ಲಿಷಿನದೋ, ಅಡಿಟಿಪ್ಪಣಿ ಎಲ್ಲಿಗೆ, ಹಳೆಯ ಕಾಗುಣಿತ ಹಾಗೇ ಬಿಡಬೇಕಾ ಬೇಡವಾ. (ಹಾಗೇ ಬಿಡಿ. ಲೇಖಕರ ಭಾಷೆಯನ್ನು ತಿದ್ದುವುದು ನಮ್ಮ ಕೆಲಸ ಅಲ್ಲ.) ಒಂದೇ ದಿನ ಬಂದು ಹೋಗುವ ಐವತ್ತು ಜನರ ಕಂಪನಿ ತಂಡಕ್ಕಿಂತ ವಾರಕ್ಕೆ ಎರಡು ಗಂಟೆ ತಪ್ಪದೆ ಕೂರುವ ಮೂವರು ಮೇಲು.

ಎರಡನೇ ಸುತ್ತಿನ ತಿದ್ದುಪಡಿಯನ್ನು ಅಂಧ ಓದುಗರೊಬ್ಬರಿಗೇ ವಹಿಸಿ. ನಾವು ಕಣ್ಣಲ್ಲಿ ಹಾರಿಸುವ ತಪ್ಪು ಅವರ ಕಿವಿಗೆ ತಕ್ಷಣ ಚುಚ್ಚುತ್ತದೆ. ಬಜೆಟ್‌ನಲ್ಲಿ ಸ್ವಲ್ಪ ಹಣ ಇದ್ದರೆ ಮೊದಲ ಸಂಭಾವನೆ ಅವರಿಗೆ ಹೋಗಲಿ.

## ಹಂತ 7: ಓಡಾಡಲು ದಾರಿ ಮಾಡಿ

ಅಧ್ಯಾಯದ ಹೆಸರನ್ನು ದಪ್ಪ ಅಕ್ಷರ ಮಾಡಿದರೆ ಸಾಲದು, ಹೆಡಿಂಗ್ 1 ಸ್ಟೈಲ್ ಕೊಡಬೇಕು. ಉಪಶೀರ್ಷಿಕೆಗೆ ಹೆಡಿಂಗ್ 2. ಆಗ ಓದುಗರು ಒಂದು ಕೀಲಿ ಒತ್ತಿ ಏಳನೇ ಅಧ್ಯಾಯಕ್ಕೆ ಹಾರಬಹುದು. ಇದಿಲ್ಲದ ಪುಸ್ತಕದಲ್ಲಿ ಮೊದಲ ಸಾಲಿನಿಂದ ಹುಡುಕುತ್ತಾ ಕೂರಬೇಕು.

ಪಠ್ಯಪುಸ್ತಕವಾದರೆ "ಪುಟ 45" ಅಂತ ಬೇರೆ ಸಾಲಿನಲ್ಲಿ ಹಾಕಿ, ಆದರೆ ವಾಕ್ಯದ ನಡುವೆ ಬೇಡ, ಪ್ಯಾರಾ ಮುಗಿದ ಮೇಲೆ. ಕೋಷ್ಟಕವನ್ನು ನಿಜವಾದ ಕೋಷ್ಟಕವಾಗಿಯೇ ಮಾಡಿ, ಸ್ಪೇಸ್ ಒತ್ತಿ ಜೋಡಿಸಬೇಡಿ. ಚಿತ್ರಕ್ಕೆ ಒಂದೆರಡು ವಾಕ್ಯದ ವಿವರಣೆ ಸಾಕು. ಕಾವೇರಿಯ ಉಪನದಿಗಳ ನಕ್ಷೆ ಇದ್ದರೆ ಯಾವ ನದಿ ಯಾವ ದಡದಿಂದ ಸೇರುತ್ತದೆ ಅಂತ ಬರೆಯಿರಿ. ನಕ್ಷೆಯ ಬಣ್ಣ ಬೇಕಿಲ್ಲ.

ಕೊನೆಗೆ ವರ್ಡ್ ರೂಪದ (.docx) ಫೈಲನ್ನು ಡೈಸಿ ಕನ್ಸೋರ್ಷಿಯಂ ಎಂಬ ಒಕ್ಕೂಟದ ಉಚಿತ ವರ್ಡ್‌ಟುಇಪಬ್‌ನಿಂದ ಇಪಬ್ (ಇ-ಪುಸ್ತಕದ ರೂಪ) ಮಾಡಿ. ಎರಡನ್ನೂ ಕೊಡಿ. ಪಿಡಿಎಫ್ ಬೇಡ. ಕನ್ನಡದಲ್ಲಿ ಅದು ಕೈಕೊಡುವುದೇ ಜಾಸ್ತಿ.

## ಹಂತ 8: ಕೇಳಿ ನೋಡಿ

ಎನ್‌ವಿಡಿಎ ಹಾಕಿ, ಅದರ ಜೊತೆಗೇ ಬರುವ ಇ-ಸ್ಪೀಕ್‌ನ ಕನ್ನಡ ಧ್ವನಿ ಆಯ್ದುಕೊಂಡು, ಪರದೆ ಆಫ್ ಮಾಡಿ ಹತ್ತು ನಿಮಿಷ ಕೇಳಿ. ಧ್ವನಿ ಯಂತ್ರದ ಥರ ಇರುತ್ತದೆ, ಅದಕ್ಕೆ ಬೇಜಾರಾಗಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಹಾಕಿಯೂ ಒಮ್ಮೆ ತೆರೆಯಿರಿ, ಹೆಚ್ಚಿನ ಹುಡುಗರು ಓದುವುದು ಅದರಲ್ಲೇ.

## ಹಂತ 9: ಹಂಚುವುದು, ಕಾನೂನಿನ ಗೆರೆಯೊಳಗೆ

ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 52(1)(ಜೆಡ್‌ಬಿ) ಕಲಮಿನ ಪ್ರಕಾರ, ಅಂಗವೈಕಲ್ಯ ಇರುವವರಿಗೆ ಓದಲು ಆಗುವ ರೂಪದಲ್ಲಿ ಪ್ರತಿ ಮಾಡಿ ಅವರಿಗೆ ಕೊಡಲು ಯಾರ ಅನುಮತಿಯೂ ಬೇಕಿಲ್ಲ. ಒಬ್ಬ ವ್ಯಕ್ತಿಯೂ ಮಾಡಬಹುದು, ಸಂಸ್ಥೆಯೂ ಮಾಡಬಹುದು. ಸಂಸ್ಥೆಗೆ ಷರತ್ತುಗಳಿವೆ: ಲಾಭ ಮಾಡುವಂತಿಲ್ಲ, ತಯಾರಿಕೆಯ ಖರ್ಚಷ್ಟೇ ಪಡೆಯಬಹುದು, ಪ್ರತಿ ಅಂಗವೈಕಲ್ಯ ಇರುವವರ ಬಳಕೆಗೆ ಮಾತ್ರ, ಅದು ಮಾಮೂಲಿ ವ್ಯಾಪಾರಕ್ಕೆ ನುಸುಳದಂತೆ ತಡೆಯಬೇಕು. ಒಬ್ಬರೇ ಮಾಡುವವರೂ ಇದೇ ಶಿಸ್ತಿನಲ್ಲಿ ನಡೆದರೆ ಕ್ಷೇಮ. ವಿದೇಶದ ಸಂಸ್ಥೆಗಳ ಜೊತೆ ಇಂಥ ಪ್ರತಿಗಳನ್ನು ಕೊಟ್ಟು ತೆಗೆದುಕೊಳ್ಳಲು ಮರಾಕೇಶ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ.

ಹಾಗಾಗಿ ಟೆಲಿಗ್ರಾಂ ಚಾನೆಲ್‌ಗೆ ಹಾಕುವುದು, ಡ್ರೈವ್‌ನಲ್ಲಿ "ಲಿಂಕ್ ಇರುವ ಯಾರಾದರೂ" ಅಂತ ತೆರೆದಿಡುವುದು ಖಂಡಿತ ಬೇಡ. ಕಣ್ಣಿರುವವರು ಪುಕ್ಕಟೆ ಓದಲು ಶುರುಮಾಡಿದ ದಿನ, ಹಂತ 2ರಲ್ಲಿ ಫೈಲ್ ಕೊಟ್ಟ ಪ್ರಕಾಶಕರು ಇನ್ನೊಮ್ಮೆ ಕೊಡುವುದಿಲ್ಲ. ಓದುಗರ ಇಮೇಲ್ ವಿಳಾಸ ಹಾಕಿ ಅವರಿಗಷ್ಟೇ ಹಂಚಿ. ಮೊದಲ ಪುಟದಲ್ಲಿ ಈ ಪ್ರತಿ ಯಾರಿಗಾಗಿ, ಯಾವ ಕಲಮಿನಡಿ ಮಾಡಿದ್ದು ಅಂತ ಎರಡು ಸಾಲು ಬರೆಯಿರಿ. ಯಾರಿಗೆ ಕೊಟ್ಟಿರಿ ಅನ್ನುವ ಪಟ್ಟಿ ನಿಮ್ಮ ಹತ್ತಿರ ಇರಲಿ. ಫೈಲಿಗೆ ಪಾಸ್‌ವರ್ಡ್ ಹಾಕುವ ಗೋಜಿಗೆ ಹೋಗಬೇಡಿ, ಅದು ಕಳ್ಳರಿಗಿಂತ ಮೊದಲು ಸ್ಕ್ರೀನ್ ರೀಡರನ್ನೇ ತಡೆಯಬಹುದು.

ಲೇಖಕರು ತೀರಿಕೊಂಡು 60 ವರ್ಷ ಕಳೆದಿದ್ದರೆ ಈ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಲೆಕ್ಕ ಶುರುವಾಗುವುದು ತೀರಿಕೊಂಡ ಮರು ವರ್ಷದಿಂದ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹ ಎಲ್ಲರದೂ ಆಗಿದೆ. 1975ರಲ್ಲಿ ತೀರಿಕೊಂಡ ಡಿವಿಜಿಯವರದ್ದಕ್ಕೆ 2035ರ ಕೊನೆಯವರೆಗೆ ಕಾಯಬೇಕು. ಮುಕ್ತವಾದ ಪುಸ್ತಕವನ್ನು ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಆನ್‌ಲೈನ್ ಗ್ರಂಥಾಲಯಕ್ಕೆ ಹಾಕಿದರೆ ತಿದ್ದಲು ಬೇರೆಯವರ ಕೈಯೂ ಸೇರುತ್ತದೆ.

ಉಳಿದ ಪುಸ್ತಕಗಳನ್ನು ಸುಗಮ್ಯ ಪುಸ್ತಕಾಲಯದ ಸದಸ್ಯ ಸಂಸ್ಥೆಯೊಂದರ ಮೂಲಕ ಅಲ್ಲಿಗೆ ಸೇರಿಸಲು ಪ್ರಯತ್ನಿಸಿ. ಫೈಲಿನ ಹೆಸರಿನಲ್ಲಿ ಪುಸ್ತಕ, ಲೇಖಕರು, ಮುದ್ರಣದ ವರ್ಷ, ನಿಮ್ಮ ಆವೃತ್ತಿ ಸಂಖ್ಯೆ ಇಷ್ಟೂ ಇರಲಿ. ಓದುಗರು ತಪ್ಪು ಹೇಳಿದಾಗ ಮೂಲ .docx ಫೈಲಿನಲ್ಲಿ ತಿದ್ದಿ, ಸಂಖ್ಯೆ ಏರಿಸಿ, ಇಪಬ್ ಹೊಸದಾಗಿ ಮಾಡಿ, ಪಟ್ಟಿಯಲ್ಲಿರುವ ಎಲ್ಲರಿಗೂ ಕಳಿಸಿ. ಪುಟದ ಚಿತ್ರಗಳನ್ನು ಅಳಿಸಬೇಡಿ. ಯಾವ ಪುಟದ ಬಗ್ಗೆ ಅನುಮಾನ ಬಂದರೂ ತೆರೆದು ನೋಡಲು ಅವು ಬೇಕಾಗುತ್ತವೆ.